ಮಾನಿಟರ್‌ನಲ್ಲಿ 'ನೋ ಸಿಗ್ನಲ್' ಬರುತ್ತಿದೆ, ಲ್ಯಾಪ್‌ಟಾಪ್‌ಗೆ ಹಾಕಿದರೂ ಅದೇ. ರಿಪೇರಿ ಮಾಡಿಸಲೋ, ಹೊಸದು ಕೊಳ್ಳಲೋ?

'ಲ್ಯಾಪ್‌ಟಾಪ್‌ಗೂ ಹಾಕಿ ನೋಡಿದೆ, ಅಲ್ಲೂ ಅದೇ, ಹಾಗಾಗಿ ಮಾನಿಟರೇ ಹೋಗಿದೆ' ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮೂರು ವರ್ಷದ ಹಿಂದೆ ಇದೇ ಮಾತನ್ನು ಇಷ್ಟೇ ಖಚಿತವಾಗಿ ನಾನೂ ಹೇಳಿದ್ದೆ. ಅದಕ್ಕೆ ಒಂದು ಮಾನಿಟರ್‌ನ ಬೆಲೆ ತೆತ್ತೆ. ಹಾಗಾಗಿ 24 ಇಂಚಿನದೋ 27 ಇಂಚಿನದೋ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ಒಂದು ಭಾನುವಾರ ನನ್ನ ಕಂಪ್ಯೂಟರ್‌ನ ಧೂಳು ಹೊಡೆಯಲು ಕೂತಿದ್ದೆ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಲು ಶುರು ಮಾಡಿ ತಿಂಗಳಾಗಿತ್ತು. ಪಕ್ಕದ ಬಾಗಿಲು ಬಿಚ್ಚಿ, ಬ್ರಷ್ ಹಿಡಿದು, ಸಂದಿಗೊಂದಿಯೆಲ್ಲ ಗುಡಿಸಿ, ಮತ್ತೆ ಮುಚ್ಚಿ, ವಯರ್‌ಗಳನ್ನೆಲ್ಲ ಸಿಕ್ಕಿಸಿ ಬಟನ್ ಒತ್ತಿದೆ. ಫ್ಯಾನು ತಿರುಗಿತು, ಈಗ ಸದ್ದೂ ಇಲ್ಲ. ಮೀಸೆಯಡಿಯಲ್ಲೇ ನಗುತ್ತಾ ತಲೆ ಎತ್ತಿದರೆ ಕಪ್ಪು ಪರದೆಯ ಮೇಲೆ ಒಂದು ಪುಟ್ಟ ಚೌಕ: ನೋ ಸಿಗ್ನಲ್. ನಾಲ್ಕೈದು ಸೆಕೆಂಡ್ ಅತ್ತಿತ್ತ ಅಲೆದು ಅದೂ ಮಾಯವಾಯಿತು. ಮಾನಿಟರ್‌ನ ದೀಪ ನೀಲಿಯಿಂದ ಕಿತ್ತಳೆಗೆ ತಿರುಗಿತು.

ನನ್ನ ಮೊದಲ ಅನುಮಾನ ಮಾನಿಟರ್ ಮೇಲೆ. ಯಾಕೆ ಅಂದರೆ ದೂರು ಬಂದದ್ದು ಅದರ ಬಾಯಿಂದ. ಕಂಪ್ಯೂಟರ್ ನೋಡಿದರೆ ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ಅದಕ್ಕೇನು ರೋಗ? ಫ್ಯಾನು ತಿರುಗಲು ಕರೆಂಟು ಇದ್ದರೆ ಸಾಕು, ಒಳಗೆ ಪ್ರೊಸೆಸರ್ ಕೆಲಸ ಮಾಡಲೇಬೇಕೆಂದಿಲ್ಲ ಅನ್ನುವುದು ಆಗ ತಲೆಗೆ ಹೊಳೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎಲ್ಲ ಬಿಟ್ಟು ಮಾನಿಟರ್‌ನ ಹಿಂದೆ ಬಿದ್ದೆ.

ಸುಮ್ಮನೆ ಹಿಂದೆ ಬೀಳಲಿಲ್ಲ, ಪರೀಕ್ಷೆ ಮಾಡಿಯೇ ತೀರ್ಮಾನಿಸೋಣ ಅಂದುಕೊಂಡೆ. ನನ್ನ ಹಾಳುಗೆಡಿಸಿದ್ದು ಆ ಪರೀಕ್ಷೆಯೇ. ತಂಗಿಯ ಲ್ಯಾಪ್‌ಟಾಪ್ ತಂದೆ. ನನ್ನ ಹತ್ತಿರ ಇದ್ದದ್ದು ಒಂದೇ ಕೇಬಲ್: ಒಂದು ತುದಿ ಡಿಸ್‌ಪ್ಲೇ ಪೋರ್ಟ್, ಇನ್ನೊಂದು ತುದಿ ಎಚ್‌ಡಿಎಂಐ. ಎರಡೂ ಪರದೆಗೆ ಚಿತ್ರ ಕಳಿಸುವ ಕಿಂಡಿಗಳೇ, ಬಗೆ ಮಾತ್ರ ಬೇರೆ. ಡಿಸ್‌ಪ್ಲೇ ಪೋರ್ಟ್ ತುದಿ ಗ್ರಾಫಿಕ್ಸ್ ಕಾರ್ಡಿಗೆ (ಕಂಪ್ಯೂಟರ್ ಒಳಗೆ ಚಿತ್ರ ತಯಾರಿಸುವ ಬೋರ್ಡು), ಎಚ್‌ಡಿಎಂಐ ತುದಿ ಮಾನಿಟರ್‌ಗೆ, ಹೀಗೆ ವರ್ಷಗಟ್ಟಲೆ ಕೆಲಸ ಮಾಡಿದ ಕೇಬಲ್ ಅದು. ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಎಚ್‌ಡಿಎಂಐ ಮಾತ್ರ. ಹಾಗಾಗಿ ಕೇಬಲ್ ತಿರುಗಿಸಿ, ಎಚ್‌ಡಿಎಂಐ ತುದಿಯನ್ನು ಲ್ಯಾಪ್‌ಟಾಪ್‌ಗೂ ಡಿಸ್‌ಪ್ಲೇ ಪೋರ್ಟ್ ತುದಿಯನ್ನು ಮಾನಿಟರ್‌ಗೂ ಹಾಕಿದೆ. ಎರಡೂ ಕಡೆ ಸಲೀಸಾಗಿ ಕೂತಿತು.

ತಂಗಿ ಕೇಳಿದಳು, "ಅಣ್ಣಾ, ಇದನ್ನ ಹೀಗೆ ತಿರುಗಿಸಿ ಹಾಕಬಹುದಾ?"

"ವಯರ್ ಕಣೇ ಅದು. ಯಾವ ಕಡೆಯಿಂದ ಹಾಕಿದರೇನು?"

ಮಾನಿಟರ್‌ನ ಮೆನು ತೆರೆದು ಇನ್‌ಪುಟ್ ಅನ್ನು ಡಿಸ್‌ಪ್ಲೇ ಪೋರ್ಟ್‌ಗೆ ಬದಲಿಸಿದೆ. ಅಷ್ಟು ಜಾಗ್ರತೆ ನನ್ನದು! ನೋ ಸಿಗ್ನಲ್. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಪಿ ಒತ್ತಿ, ಚಿತ್ರ ಯಾವ ಪರದೆಗೆ ಹೋಗಬೇಕು ಅನ್ನುವ ಎಲ್ಲ ಆಯ್ಕೆಗಳನ್ನೂ ನೋಡಿದೆ. ನೋ ಸಿಗ್ನಲ್. ಎರಡು ಕಂಪ್ಯೂಟರ್, ಎರಡು ಇನ್‌ಪುಟ್, ಒಂದೇ ಉತ್ತರ. ಇನ್ನೇನು ಸಾಕ್ಷಿ ಬೇಕು? ಮಾನಿಟರ್ ಸತ್ತಿದೆ ಅಂತ ತೀರ್ಪು ಕೊಟ್ಟೆ. ಮರುದಿನ ಗೆಳೆಯನೊಬ್ಬ ಬಂದವನು "ಬಿಸಾಕೋ ಬದಲು ನನಗೆ ಕೊಡು, ಸ್ಟ್ಯಾಂಡ್ ಆದರೂ ಉಪಯೋಗಕ್ಕೆ ಬರುತ್ತೆ" ಅಂದ. ಕೊಟ್ಟು ಕಳಿಸಿದೆ. ಹೊಸದಕ್ಕೆ ಆರ್ಡರ್ ಮಾಡಿದೆ.

ಹೊಸ ಮಾನಿಟರ್ ಬಂತು. ಪೆಟ್ಟಿಗೆಯಲ್ಲೇ ಎಚ್‌ಡಿಎಂಐ ಕೇಬಲ್ ಇತ್ತು, ಅದನ್ನೇ ಹಾಕಿ ಬಟನ್ ಒತ್ತಿದೆ. ನೋ ಸಿಗ್ನಲ್. ಅಕ್ಷರ ಮಾತ್ರ ಮೊದಲಿಗಿಂತ ಚೆಂದ.

ನಗಬೇಡಿ, ಆಗಲೂ ನನಗೆ ಬುದ್ಧಿ ಬರಲಿಲ್ಲ. ಹೊಸದೂ ಕೆಟ್ಟದ್ದೇ ಬಂದಿದೆ ಅಂತ ವಾಪಸ್ ಕಳಿಸಲು ಪೆಟ್ಟಿಗೆಗೆ ತುಂಬುತ್ತಿದ್ದೆ. ತಂಗಿ ಏನೂ ಮಾತಾಡದೆ ತನ್ನ ಲ್ಯಾಪ್‌ಟಾಪ್ ತಂದು ಆ ಹೊಸ ಕೇಬಲ್ ಸಿಕ್ಕಿಸಿದಳು. ಅವಳ ವಾಲ್‌ಪೇಪರ್ ಇಷ್ಟಗಲ ಪರದೆ ತುಂಬಾ ಬಂದು ನಿಂತಿತು.

ಈಗ ನನ್ನ ತಪ್ಪಿನ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ ಅನ್ನುವ ಸಿಟ್ಟು ಇನ್ನೂ ಇದೆ.

ಎಚ್‌ಡಿಎಂಐನ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಅದು ಅದಕ್ಕಿಂತ ಹಳೆಯದಾದ, ಡಿವಿಐ ಅನ್ನುವ ಚಿತ್ರದ ಕಿಂಡಿಯ ವಂಶದ್ದು. ಮೂಲ ವಿನ್ಯಾಸದಲ್ಲಿ ಮೂರು ಜೋಡಿ ತಂತಿಗಳಲ್ಲಿ ಬಣ್ಣದ ಮಾಹಿತಿ ಎಡೆಬಿಡದೆ ಹರಿಯುತ್ತದೆ, ನಾಲ್ಕನೆಯ ಜೋಡಿ ತಾಳ ಹಾಕುತ್ತದೆ. 2006ರಲ್ಲಿ ಬಂದ ಡಿಸ್‌ಪ್ಲೇ ಪೋರ್ಟ್‌ನ ದಾರಿಯೇ ಬೇರೆ. ಅದು ಚಿತ್ರವನ್ನು ಕಂತು ಕಂತಾಗಿ, ಪ್ಯಾಕೆಟ್ ಕಟ್ಟಿ ಕಳಿಸುತ್ತದೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಹಾಗಾದರೆ ನನ್ನ ಕೇಬಲ್ ಅಷ್ಟು ವರ್ಷ ಹೇಗೆ ಕೆಲಸ ಮಾಡಿತು? ಅದರ ಗುಟ್ಟು ಕೇಬಲ್‌ನಲ್ಲಿ ಇರಲೇ ಇಲ್ಲ, ಗ್ರಾಫಿಕ್ಸ್ ಕಾರ್ಡಿನಲ್ಲಿತ್ತು. ಬಹಳಷ್ಟು ಕಾರ್ಡುಗಳ ಡಿಸ್‌ಪ್ಲೇ ಪೋರ್ಟ್ ಎರಡು ಭಾಷೆ ಬಲ್ಲದು. ಡಿಪಿ++ ಅಂತ ಗುರುತು ಇರುತ್ತದೆ. ಇಂಥ ಅಗ್ಗದ ಕೇಬಲ್ ಸಿಕ್ಕಿಸಿದ್ದು ಗೊತ್ತಾದ ಕೂಡಲೇ ಆ ಪೋರ್ಟ್ ತಾನೇ ಎಚ್‌ಡಿಎಂಐ ಭಾಷೆಗೆ ಬದಲಾಗುತ್ತದೆ. ಕೇಬಲ್ ಮಾಡುವುದು ವೋಲ್ಟೇಜನ್ನು ಹೊಂದಿಸುವ ಚಿಲ್ಲರೆ ಕೆಲಸ ಅಷ್ಟೇ. ತಿರುಗಿಸಿ ಹಾಕಿದರೆ? ಲ್ಯಾಪ್‌ಟಾಪ್‌ನ ಎಚ್‌ಡಿಎಂಐಗೆ ಒಂದೇ ಭಾಷೆ ಗೊತ್ತು. ಮಾನಿಟರ್‌ನ ಡಿಸ್‌ಪ್ಲೇ ಪೋರ್ಟ್‌ಗೂ ಒಂದೇ, ಅದೂ ಬೇರೆಯದು. ನಡುವೆ ಅನುವಾದ ಮಾಡುವವರು ಯಾರೂ ಇಲ್ಲ. ಆ ದಿಕ್ಕಿಗೆ ಒಳಗೆ ಚಿಪ್ ಇರುವ ಬೇರೆಯೇ ಕನ್ವರ್ಟರ್ ಬೇಕು, ಸಾಮಾನ್ಯವಾಗಿ ಅದಕ್ಕೆ ಕರೆಂಟು ಕೊಡಲು ಯುಎಸ್‌ಬಿಯ ಒಂದು ಬಾಲವೂ ಇರುತ್ತದೆ. ಎರಡೂ ತುದಿ ಎಚ್‌ಡಿಎಂಐ ಇರುವ ಮಾಮೂಲಿ ಕೇಬಲನ್ನು ಯಾವ ಕಡೆಯಿಂದ ಬೇಕಾದರೂ ಹಾಕಬಹುದು. ಅದೇ ಅಭ್ಯಾಸದಲ್ಲಿ ನಾನು "ವಯರ್ ಕಣೇ ಅದು" ಅಂದಿದ್ದೆ.

ತಿರುಗಿಸಿ ಹಾಕಿದ್ದಕ್ಕೆ ಏನಾದರೂ ಸುಟ್ಟಿದ್ದರೆ, ಕನಿಷ್ಠ ಒಂದು ಕಿಡಿ ಹಾರಿದ್ದರೆ ನನಗೆ ತಿಳಿಯುತ್ತಿತ್ತು. ಏನೂ ಆಗುವುದಿಲ್ಲ. ಬರೀ ಮೌನ. ಸತ್ತ ಮಾನಿಟರ್‌ನ ಮೌನ ಹೇಗಿರುತ್ತದೆ ಅಂತ ನಾನು ಊಹಿಸಿಕೊಂಡಿದ್ದೆನೋ ಅದೇ ಮೌನ. ಆ ಪರೀಕ್ಷೆಯಲ್ಲಿ ಈಗಷ್ಟೇ ಪೆಟ್ಟಿಗೆಯಿಂದ ತೆಗೆದ ಮಾನಿಟರ್ ಕೂಡ ಫೇಲಾಗುತ್ತಿತ್ತು! ತೂಕ ನೋಡುವ ಮೊದಲು ತಕ್ಕಡಿ ನೆಟ್ಟಗಿದೆಯಾ ಅಂತ ನಾನು ನೋಡಲೇ ಇಲ್ಲ. ಮನೆಯಲ್ಲಿ ಟಿವಿ ಇತ್ತು, ಅದರ ಎಚ್‌ಡಿಎಂಐ ಕೇಬಲ್ ಕಿತ್ತು ತಂದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಟಿವಿಯ ಹಿಂದೆ ಕೈ ಹಾಕಲು ಬೇಜಾರು, ಅಷ್ಟಕ್ಕೆ.

ಇನ್ನೂ ಒಂದಿದೆ. ಎರಡು ಸಲ ಒಂದೇ ಸಂದೇಶ ಬಂದದ್ದರಿಂದ ಕಾರಣವೂ ಒಂದೇ ಅಂದುಕೊಂಡೆ. ಮೊದಲ ನೋ ಸಿಗ್ನಲ್‌ಗೆ ಕಾರಣ ಕಂಪ್ಯೂಟರ್, ಎರಡನೆಯದಕ್ಕೆ ಕೇಬಲ್. ಒಂದಕ್ಕೊಂದು ಸಂಬಂಧವೇ ಇಲ್ಲ. ಅವೆರಡನ್ನೂ ಸೇರಿಸಿ ಗಂಟು ಹಾಕಿದವನು ನಾನು.

ಕಂಪ್ಯೂಟರ್‌ಗೆ ಏನಾಗಿತ್ತು ಅನ್ನುವುದು ಆ ರಾತ್ರಿ ಹತ್ತು ನಿಮಿಷದಲ್ಲಿ ಸಿಕ್ಕಿತು. ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿದೆ, ದೀಪ ಹತ್ತಲಿಲ್ಲ. ಪಕ್ಕದ ಬಾಗಿಲು ಬಿಚ್ಚಿದೆ. ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೀಪವೊಂದು ಉರಿಯುತ್ತಿತ್ತು, ಪಕ್ಕದಲ್ಲಿ 'ಡಿರ‍್ಯಾಮ್' ಅಂತ ಅಚ್ಚು, ಅಂದರೆ ರ‍್ಯಾಮ್, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ. ಭಾನುವಾರದಿಂದಲೂ ಪಾಪ ಅದು ಹಾಗೇ ಉರಿಯುತ್ತಿತ್ತು. ಧೂಳು ಹೊಡೆಯುವಾಗ ಒಂದು ರ‍್ಯಾಮ್ ತೆಗೆದು ಮತ್ತೆ ಹಾಕಿದ್ದು ಆಗ ನೆನಪಾಯಿತು. ಅಲ್ಲಿಯವರೆಗೆ ಕೇಳಿದವರಿಗೆಲ್ಲ "ನಾನೇನೂ ಮುಟ್ಟಿಲ್ಲ" ಅಂದಿದ್ದೆ. ನನ್ನ ಬೋರ್ಡಿನಲ್ಲಿ ರ‍್ಯಾಮಿನ ಚಿಲಕ ಒಂದೇ ಕಡೆ. ಆ ಕಡೆ ಸರಿಯಾಗಿ ಕೂತಿತ್ತು, ಇನ್ನೊಂದು ತುದಿ ಉಗುರಿನಷ್ಟು ಮೇಲಿತ್ತು. ಕಟಕ್ ಅನ್ನುವವರೆಗೆ ಒತ್ತಿದೆ. ಅಷ್ಟೇ.

ನಿಮ್ಮ ವಿಷಯಕ್ಕೆ ಬರುತ್ತೇನೆ. 'ಮೇಜು ಬದಲಿಸಿದ ಮೇಲೆ ಹೀಗಾಯಿತು, ಬೇರೇನೂ ಮಾಡಿಲ್ಲ' ಅಂದಿದ್ದೀರಿ. ಮೇಜು ಬದಲಿಸಿದ್ದೀರಿ ಅಂದರೆ ಎಲ್ಲ ವಯರ್ ಕಿತ್ತು ಮತ್ತೆ ಹಾಕಿದ್ದೀರಿ. ಅದೇನು ಸಣ್ಣ ವಿಷಯವಲ್ಲ.

ನೋ ಸಿಗ್ನಲ್ ಅಂತ ತೋರಿಸುವ ಮಾನಿಟರ್ ಬದುಕಿದೆ. ಆ ಅಕ್ಷರಗಳನ್ನು ಬರೆದದ್ದು ಅದೇ, ಅದರ ಸ್ವಂತ ಬೋರ್ಡು, ಅದರ ಹಿಂಬೆಳಕು. ಅದರ ಬಟನ್ ಒತ್ತಿ ಮೆನು ತೆರೆಯಿರಿ. ಮೆನು ಬಣ್ಣ ಬಣ್ಣವಾಗಿ, ಗೆರೆಯಿಲ್ಲದೆ ಕಂಡರೆ ಪ್ಯಾನೆಲ್ ರಿಪೇರಿ ಅನ್ನುವ ಮಾತನ್ನೇ ಬಿಡಿ. ಮಾನಿಟರ್ ಕೆಡುವ ರೀತಿ ಬೇರೆ: ದೀಪವೇ ಹತ್ತುವುದಿಲ್ಲ, ಗೆರೆಗಳು ಬರುತ್ತವೆ, ಚಿತ್ರ ಎರಡು ಸೆಕೆಂಡ್ ಬಂದು ಕತ್ತಲಾಗುತ್ತದೆ. ಅದರ ಒಂದು ಪೋರ್ಟ್ ಮಾತ್ರ ಕೆಟ್ಟಿರಬಹುದು, ನಿಜ. ಅದನ್ನು ಕೊನೆಗೆ ಅನುಮಾನಿಸಿ.

ಆಮೇಲೆ ಕ್ಯಾಪ್ಸ್ ಲಾಕ್. ವಯರ್ ಇರುವ ಕೀಬೋರ್ಡಿನಲ್ಲೇ ನೋಡಿ, ವಯರ್‌ಲೆಸ್‌ಗಳಲ್ಲಿ ಎಷ್ಟೋ ಸಲ ದೀಪವೇ ಇರುವುದಿಲ್ಲ. ಆನ್ ಮಾಡಿ ಒಂದೆರಡು ನಿಮಿಷವಾದ ಮೇಲೆ ಒತ್ತಿದಾಗ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಎಚ್ಚರವಾಗಿದೆ, ತೊಂದರೆ ನಡುದಾರಿಯಲ್ಲಿದೆ. ಆಗ ನಾನು ಮೊದಲು ನೋಡುವುದು ಕೇಬಲ್ ಕಂಪ್ಯೂಟರಿನ ಹಿಂದೆ ಎಲ್ಲಿ ಹೋಗಿದೆ ಅನ್ನುವುದನ್ನು. ಮೇಲ್ಗಡೆ ಯುಎಸ್‌ಬಿಗಳ ಗುಂಪಿನಲ್ಲಿರುವ ಎಚ್‌ಡಿಎಂಐ ಮದರ್‌ಬೋರ್ಡಿನದು. ಗ್ರಾಫಿಕ್ಸ್ ಕಾರ್ಡಿನ ಪೋರ್ಟುಗಳು ಅದರ ಕೆಳಗೆ, ಅಡ್ಡಸಾಲಿನಲ್ಲಿ ಇರುತ್ತವೆ. ಕಾರ್ಡ್ ಇರುವಾಗ ಎಷ್ಟೋ ಬೋರ್ಡುಗಳು ತಮ್ಮ ಪೋರ್ಟನ್ನು ಮುಚ್ಚಿಬಿಡುತ್ತವೆ. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರ್ ಆದರೆ ಒಳಗೆ ಗ್ರಾಫಿಕ್ಸೇ ಇಲ್ಲ, ಮೇಲಿನ ಆ ಪೋರ್ಟ್ ಬರೀ ಅಲಂಕಾರಕ್ಕೆ. ಮೇಜಿನ ಹಿಂದೆ ಬಗ್ಗಿ, ಕತ್ತಲಲ್ಲಿ ಕೈ ಸವರಿ, ಸಿಕ್ಕಿದ ಕಿಂಡಿಗೆ ಹಾಕಿರುತ್ತೇವೆ. ನಿಮ್ಮದು ಇದೇ ಅಂತ ನನ್ನ ಬಲವಾದ ಗುಮಾನಿ. ಡಿಸ್‌ಪ್ಲೇ ಪೋರ್ಟ್ ಕೇಬಲ್ ಕೀಳುವಾಗ ಅದರ ಮೇಲೆ ಒತ್ತುವ ಗುಂಡಿ ಇದೆಯಾ ನೋಡಿ. ಒತ್ತದೆ ಎಳೆದರೆ ಕಾರ್ಡಿನ ಪೋರ್ಟೇ ಕಿತ್ತು ಬರಬಹುದು.

ಕ್ಯಾಪ್ಸ್ ಲಾಕ್ ಹತ್ತದಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಂದಷ್ಟು ಹೊತ್ತು ಒತ್ತಿ ಹಿಡಿದು ಒಳಗೆ ಉಳಿದ ಕರೆಂಟು ಖಾಲಿ ಮಾಡಿ, ರ‍್ಯಾಮ್‌ಗಳನ್ನು ತೆಗೆದು ಮತ್ತೆ ಕೂರಿಸಿ. ಎರಡಿದ್ದರೆ ಮೊದಲು ಒಂದೇ ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ ಅದನ್ನು ಹಾಕಬೇಕು, ಎ2 ಅಂತ ಬರೆದಿರುತ್ತದೆ. ರಬ್ಬರ್ ತಗೊಂಡು ರ‍್ಯಾಮಿನ ಅಂಚನ್ನು ಉಜ್ಜಿ ಅನ್ನುವವರು ಸಿಗುತ್ತಾರೆ. ಮೊದಲು ಸುಮ್ಮನೆ ಸರಿಯಾಗಿ ಕೂರಿಸಿ. ಕಾರ್ಡಿಗೆ ಹೋಗುವ ದಪ್ಪ ಪವರ್ ಕೇಬಲನ್ನೂ ಒತ್ತಿ ನೋಡಿ. ನಿಮ್ಮದು ಡಿಡಿಆರ್5 ರ‍್ಯಾಮ್ ಆದರೆ ತೆಗೆದು ಹಾಕಿದ ಮೇಲಿನ ಮೊದಲ ಸಲ ಅದು ತನ್ನನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಆಗಲೂ ಪರದೆ ಕಪ್ಪಗೇ ಇರುತ್ತದೆ. ಗಾಬರಿಬಿದ್ದು ಆಫ್ ಮಾಡಬೇಡಿ.

ಡ್ರೈವರ್ (ಕಾರ್ಡನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಮತ್ತೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆನ್ ಮಾಡಿದಾಗ ಬರುವ ಮದರ್‌ಬೋರ್ಡಿನ ಲೋಗೋಗೆ ವಿಂಡೋಸ್ ಡ್ರೈವರ್ ಬೇಕಾಗಿಲ್ಲ. ಅದೇ ಕಾಣದಿದ್ದಾಗ ಡ್ರೈವರ್ ಮಾತೇಕೆ? ಲೋಗೋ ಬಂದು, ವಿಂಡೋಸ್ ಬರುವಾಗ ಕತ್ತಲಾದರೆ ಅದು ಬೇರೆ ಕತೆ. ಸಿಆರ್2032 ಅನ್ನುವ ನಾಣ್ಯದಂಥ ಬ್ಯಾಟರಿ ತೆಗೆದು ಬಯಾಸ್, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗುಗಳನ್ನು, ರೀಸೆಟ್ ಮಾಡುವುದೂ ಇದೆ, ಆದರೆ ಇದೆಲ್ಲ ಆದ ಮೇಲೆ.

ಅಂದಹಾಗೆ, ಹತ್ತು ದಿನ ಕಳೆದು ಆ ಗೆಳೆಯನ ಫೋನ್ ಬಂದಿತ್ತು. "ಅಲ್ಲ ಮಾರಾಯ, ಇದಕ್ಕೆ ಏನಾಗಿತ್ತು? ಹಾಕಿದ ಕೂಡಲೇ ಬಂತಲ್ಲ!" ಬಾಯಿ ಬಿಟ್ಟು ವಾಪಸ್ ಕೇಳಲಾಗಲಿಲ್ಲ. ಇವತ್ತಿಗೂ ಅವನ ಮಗಳು ಅದರಲ್ಲೇ ಪಾಠ ಕೇಳುತ್ತಾಳೆ.

ನೀವು ಎರಡು ವಿಷಯ ನೋಡಿ ಬರೆಯಿರಿ: ಕ್ಯಾಪ್ಸ್ ಲಾಕ್ ಹತ್ತುತ್ತದಾ, ಮತ್ತು ಲ್ಯಾಪ್‌ಟಾಪ್ ಪರೀಕ್ಷೆಗೆ ಹಾಕಿದ ಕೇಬಲ್‌ನ ಎರಡು ತುದಿ ಯಾವುವು? ಅಲ್ಲಿಯವರೆಗೆ ಆ ಮಾನಿಟರನ್ನು ಯಾರು ಕೇಳಿದರೂ ಕೊಡಬೇಡಿ.