ಪಹಣಿಯಲ್ಲಿ ಇನ್ನೂ ಮಾರಿದವರ ಹೆಸರೇ ಇದೆ

ಪ್ರಶ್ನೆ: ನಾಲ್ಕೂವರೆ ಎಕರೆಯ ಸರ್ವೆ ನಂಬರಿನಲ್ಲಿ ಒಂದೂವರೆ ಎಕರೆ ಕೊಂಡು ರಿಜಿಸ್ಟ್ರಿಯಾಗಿ ಎಂಟು ತಿಂಗಳಾಯ್ತು. ಪಹಣಿಯಲ್ಲಿ ಮಾರಿದವರ ಹೆಸರೇ ಬರುತ್ತಿದೆ. ಹೋದ ತಿಂಗಳು ಅವರು ತೀರಿಕೊಂಡರು. ‘ಪಹಣಿ ನಮ್ಮಪ್ಪನ ಹೆಸರಲ್ಲಿದೆ, ಜಮೀನು ನಮ್ಮದೇ’ ಅನ್ನುತ್ತಿದ್ದಾರೆ ಮಕ್ಕಳು. ನನ್ನ ದುಡ್ಡು ಹೋಯಿತೇ?
– ಓದುಗರೊಬ್ಬರು, ತುರುವೇಕೆರೆ

ಉತ್ತರ: ಹೋಗಿಲ್ಲ. ಜಮೀನು ನಿಮ್ಮದಾಗಿದ್ದು ನೋಂದಾಯಿತ ಕ್ರಯಪತ್ರದಿಂದ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಹಾಗಂತ ಸುಮ್ಮನೆ ಕೂರಬೇಡಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಸೆಕ್ಷನ್ 133ರಂತೆ, ತಪ್ಪೆಂದು ಸಾಬೀತಾಗುವ ತನಕ ಪಹಣಿಯಲ್ಲಿರುವುದೇ ನಿಜವೆಂದು ಲೆಕ್ಕ. ಮಕ್ಕಳು ನಾಳೆ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಅರ್ಜಿ ಹಾಕಿದರೆ ಅವರ ಹೆಸರು ಕೂತುಬಿಡಬಹುದು. ಆಮೇಲೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ, ಅಲೆದಾಟ. ಕ್ರಯಪತ್ರದ ದೃಢೀಕೃತ ಪ್ರತಿ ಲಗತ್ತಿಸಿ ಇವತ್ತೇ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡಿ, ಸ್ವೀಕೃತಿ ಪಡೆಯಿರಿ.

ರಿಜಿಸ್ಟ್ರಿಯಾದ ಮೇಲೆ ವಿವರ ತಾನಾಗಿಯೇ ಪಹಣಿ ನೋಡಿಕೊಳ್ಳುವ ‘ಭೂಮಿ’ ತಂತ್ರಾಂಶಕ್ಕೆ ಹೋಗಬೇಕು. ಎಂಟು ತಿಂಗಳಾದರೂ ಬದಲಾಗಿಲ್ಲವೆಂದರೆ ಎಲ್ಲೋ ಸಿಕ್ಕಿಕೊಂಡಿದೆ. ಅದರಲ್ಲಿ ಸರ್ವೆ ನಂಬರ್ ಹಾಕಿ ಮ್ಯುಟೇಷನ್ (ಹೆಸರು ಬದಲಾವಣೆ) ಯಾವ ಹಂತದಲ್ಲಿದೆ ನೋಡಿ. ಕ್ರಯಪತ್ರದ ಚಕ್ಕುಬಂದಿಯೂ (ನಾಲ್ಕು ದಿಕ್ಕಿನ ಗಡಿ ವಿವರ) ಮಾರುವ ಭಾಗವನ್ನು ಅಳೆದು ಬರೆದ 11ಇ ನಕ್ಷೆಯೂ ತಾಳೆಯಾಗುತ್ತವೆಯೇ ಅದನ್ನೂ ನೋಡಿ. ಪಹಣಿಯ 11ನೇ ಕಾಲಂ ಮೇಲೆ ಕಣ್ಣು ಹಾಯಿಸಲು ಮರೆಯಬೇಡಿ. ತೀರಿಕೊಂಡವರ ಸೊಸೈಟಿ ಸಾಲ ಅಲ್ಲಿ ಕೂತಿದ್ದರೆ ಅದು ಇನ್ನೊಂದು ತಲೆನೋವು.

ದಲ್ಲಾಳಿ ‘ರಿಜಿಸ್ಟ್ರಿ ಆಯ್ತಲ್ಲ, ಇನ್ನೇನು’ ಅಂದಿರಬೇಕು. ನಿಮ್ಮನ್ನು ಬಯ್ಯಲು ನನಗೆ ಮುಖವಿಲ್ಲ. ಮೂವತ್ತು ವರ್ಷ ಕರಿಕೋಟು ಹಾಕಿದ ನಾನೇ ಸೈಟು ಕೊಂಡು, ಖಾತೆ ಮಾಡಿಸದೆ ಆರು ವರ್ಷ ಹಳೇ ಮಾಲೀಕರ ಹೆಸರಲ್ಲೇ ಕಂದಾಯ ಕಟ್ಟಿದ್ದೆ. ಮನೆ ಸಾಲಕ್ಕೆಂದು ರಸೀದಿಗಳ ಕಟ್ಟು ಮುಂದಿಟ್ಟಾಗ ಬ್ಯಾಂಕಿನ ಹುಡುಗಿ ಒಂದೊಂದನ್ನೇ ತಿರುವಿ ಕೇಳಿದಳು: ‘ಸರ್, ಇವರು ಯಾರು?’

ಹೆಸರು ಬಂದ ಮೇಲೆ, ಬೇಲಿ ಹಾಕುವ ಮುಂಚೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಮಾಡಿಸಲು, ಅರ್ಜಿ ಕೊಡಿ. ಉಳಿದ ಮೂರು ಎಕರೆ ಅವರದೇ ಆಗಿದ್ದರೆ ಬಾಜೂದಾರರೆಂದು ಆ ಮಕ್ಕಳಿಗೂ ನೋಟಿಸ್ ಹೋಗುತ್ತದೆ. ಸರ್ವೆಯವರು ಕಲ್ಲು ನೆಡಿಸುವಾಗ ಅವರೂ ನಿಂತು ನೋಡಲಿ.