ಕುಂಡದಲ್ಲಿ ಸಿಕ್ಕಿದ್ದು ಬಾರ್ಬಡೋಸ್‌ನ ಪುಟ್ಟ ಹಾವಾ?

ಪ್ರಶ್ನೆ: ಮಲ್ಲಿಗೆ ಗಿಡದ ಕುಂಡ ಬದಲಿಸುವಾಗ ಎರೆಹುಳದಂಥ ಕಪ್ಪು ಹಾವೊಂದು ಸಿಕ್ಕಿತು. ಬಾರ್ಬಡೋಸ್ ದ್ವೀಪದಲ್ಲಿ ಜಗತ್ತಿನ ಅತಿ ಚಿಕ್ಕ ಹಾವು ಮತ್ತೆ ಕಂಡಿದೆ ಅಂತ ಓದಿದ್ದೆ. ಇದು ಅದೇ ಜಾತಿಯಾ? ಕಚ್ಚುತ್ತದಾ?

ಉತ್ತರ: ಅದಲ್ಲ. ನೀವು ಹೇಳಿದ್ದು ನೋಡಿದರೆ ಇದು ನಮ್ಮದೇ ಹುಳು ಹಾವು. ಕುರುಡು ಹಾವು ಅಂತಲೂ ಕರೆಯುತ್ತಾರೆ. ವಿಷವಿಲ್ಲ, ಹೆದರಬೇಡಿ. ಹಿಡಿದರೆ ಬಾಲದ ತುದಿಯ ಸಣ್ಣ ಮುಳ್ಳು ಬೆರಳಿಗೆ ತಾಗಬಹುದು, ಅಷ್ಟೇ.

ಬಾರ್ಬಡೋಸ್‌ನ ಹಾವು ಇದರ ದೂರದ ನೆಂಟ. ಉದ್ದ ಸುಮಾರು 10 ಸೆಂ.ಮೀ., ದಪ್ಪ ಒಂದು ಶ್ಯಾವಿಗೆ ಎಳೆಯಷ್ಟು. ಗೆದ್ದಲು, ಇರುವೆ ಮರಿಗಳೇ ಊಟ. ಅಮೆರಿಕದ ವಿಜ್ಞಾನಿ ಬ್ಲೇರ್ ಹೆಡ್ಜಸ್ 2008ರಲ್ಲಿ ಅದನ್ನು ಹೊಸ ಜಾತಿ ಎಂದು ಗುರುತಿಸಿ, ಹೆಂಡತಿ ಕಾರ್ಲಾ ಅವರ ಹೆಸರಿಟ್ಟರು. ನನಗೆ ತುಂಬಾ ಇಷ್ಟವಾಗುವುದು ಅದರ ಮೊಟ್ಟೆಯ ವಿಷಯ. ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ! ದೊಡ್ಡ ಹಾವುಗಳ ಮರಿ ತಾಯಿಯ ಹತ್ತನೇ ಒಂದು ಭಾಗ ಇದ್ದರೆ ಹೆಚ್ಚು. ಇದರ ಮರಿ ಹುಟ್ಟುವಾಗಲೇ ತಾಯಿಯ ಅರ್ಧದಷ್ಟು ಉದ್ದ ಇರುತ್ತದೆ. ಇನ್ನೂ ಚಿಕ್ಕದಾಗಿ ಹುಟ್ಟಿದರೆ ಅದರ ಬಾಯಿಗೆ ಹಿಡಿಸುವಂಥ ಆಹಾರವೇ ಸಿಗಲಿಕ್ಕಿಲ್ಲ, ಅಲ್ವಾ?

ಅದರ ಕಷ್ಟ ಶುರುವಾಗಿದ್ದು ಕಬ್ಬಿನಿಂದ. 1627ರಲ್ಲಿ ಇಂಗ್ಲಿಷರು ಬಂದು ನೆಲೆಸಿದ ಮೇಲೆ ದ್ವೀಪದ ಕಾಡೆಲ್ಲ ಕಬ್ಬಿನ ಗದ್ದೆಯಾಯಿತು. ಉಳಿದ ಚೂರುಪಾರು ಕಾಡಲ್ಲಿ ಸುಮಾರು ಇಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದ ಹಾವು 2025ರ ಮಾರ್ಚ್‌ನಲ್ಲಿ ಮರದ ಬೇರಿಗೆ ಸಿಕ್ಕಿಕೊಂಡ ಒಂದು ಕಲ್ಲಿನಡಿ ಸಿಕ್ಕಿತು. ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಖಚಿತ ಮಾಡಿಕೊಂಡರು, ಆಮೇಲೆ ಕಾಡಿಗೇ ಬಿಟ್ಟರು.

ಅಷ್ಟು ಜಾಗ್ರತೆ ಯಾಕೆ ಗೊತ್ತಾ? ನಿಮ್ಮ ಕುಂಡದ ಹಾವಿನಿಂದಾಗಿ. ಗಿಡದ ಮಣ್ಣಿನ ಜೊತೆ ಹಡಗೇರಿ ಅದು ಬಾರ್ಬಡೋಸ್‌ಗೂ ಹೋಗಿದೆ. ನೋಡಲು ಎರಡೂ ಒಂದೇ ಥರ. ಮೈಮೇಲೆ ಉದ್ದುದ್ದ ತಿಳಿ ಗೆರೆ ಇದ್ದರೆ ಅಲ್ಲಿಯದು, ಇಲ್ಲದಿದ್ದರೆ ನಮ್ಮದು. ಹುಳು ಹಾವುಗಳೆಲ್ಲ ಹೆಣ್ಣೇ, ಗಂಡಿಲ್ಲದೆಯೇ ಮೊಟ್ಟೆ ಇಡುತ್ತವೆ. ಹಾಗಾಗಿ ಒಂದೇ ಒಂದು ಹೋದರೂ ಸಾಕು, ಸಂಸಾರ ಬೆಳೆಯುತ್ತದೆ.

ಬಿಡುವ ಮುಂಚೆ ಭೂತಗನ್ನಡಿ ಹಿಡಿದು ತಲೆ ನೋಡಿ. ಹುರುಪೆಯ ಕೆಳಗೆ ಎರಡು ಕಪ್ಪು ಚುಕ್ಕೆ ಕಾಣುತ್ತವೆ, ಅವೇ ಕಣ್ಣು. ಬೆಳಕು, ಕತ್ತಲೆ ಗೊತ್ತಾಗುವುದಕ್ಕಷ್ಟೇ ಸಾಕು. ಬಿಸಿಲಲ್ಲಿ ಜಾಸ್ತಿ ಹೊತ್ತು ಇಡಬೇಡಿ, ಬೇಗ ಒಣಗಿ ಸಾಯುತ್ತದೆ. ಅದೇ ಕುಂಡದ ಒದ್ದೆ ಮಣ್ಣಿಗೆ ಬಿಟ್ಟುಬಿಡಿ.