ಗಾಂಜಾದ ಬೇರೆ ಬೇರೆ ತಳಿಗೆ ರುಚಿ, ನಶೆ ನಿಜಕ್ಕೂ ಬೇರೆ ಬೇರೆನಾ? ಮೊದಲ ಸಲಕ್ಕೆ ಯಾವುದು ಹಗುರ?

ನೀವು ಧಾರವಾಡದಲ್ಲಿ ಓದುತ್ತಿದ್ದೇನೆ ಎಂದು ಬರೆದಿದ್ದೀರಿ. ನಾನೂ ಅಲ್ಲೇ ಓದಿದವನು. ಇಪ್ಪತ್ತೆರಡರ ವಯಸ್ಸಿನಲ್ಲಿ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು.

2014ರ ರಂಗಪಂಚಮಿ. ಗೆಳೆಯನ ಮನೆ ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಓಣಿಯಲ್ಲಿತ್ತು. ಬೆಳಿಗ್ಗೆಯಿಂದ ಹಲಗೆ ಬಾರಿಸುತ್ತಾ, ಬಣ್ಣ ಎರಚುತ್ತಾ ತಿರುಗಿದ್ದೆವು. ಹೊಟ್ಟೆಗೆ ಒಂದು ಕಪ್ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ಹನ್ನೊಂದರ ಹೊತ್ತಿಗೆ ಅವರ ಮಾಳಿಗೆ ಮೇಲೆ ಥಂಡಾಯಿ ಬಂತು. ಹಾಲು, ಬಾದಾಮಿ, ಗಸಗಸೆ, ಸೋಂಪು, ಕಾಳುಮೆಣಸು, ಗುಲಾಬಿ ದಳ. ಜೊತೆಗೆ ನುಣ್ಣಗೆ ಅರೆದ ಭಂಗಿ ಸೊಪ್ಪು, ಅಂದರೆ ಗಾಂಜಾ ಗಿಡದ್ದೇ ಎಲೆ. ತಣ್ಣಗೆ, ಸಿಹಿಯಾಗಿ ಇಳಿಯಿತು. ಕೊನೆಯ ಗುಟುಕಿನಲ್ಲಿ ಮಾತ್ರ ಹಸಿ ಸೊಪ್ಪಿನ ಒಗರು. ಇಷ್ಟು ಸವಿಯಾಗಿದೆ ಅಂದರೆ ಹಗುರವೇ ಇರಬೇಕು ಅಂದುಕೊಂಡೆ.

ನಲವತ್ತು ನಿಮಿಷ ಕಳೆದರೂ ಏನೂ ಆಗಲಿಲ್ಲ. ಇನ್ನೊಂದು ಗ್ಲಾಸ್ ಕೇಳಿದೆ. ‘ಲೇ, ಅದು ತಡಾ ಏರತೈತಿ, ಸುಮ್ನ ಕುಂದ್ರು’ ಅಂದ ಗೆಳೆಯ. ನಾನೇ ಸುರಿದುಕೊಂಡು ಕುಡಿದೆ.

ಆ ಎರಡನೇ ಗ್ಲಾಸಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನು ಮಾಡಿದ ತಪ್ಪು ಅದೊಂದೇ. ಗಾಂಜಾ ಸೇದಿದರೆ ಹೊಗೆ ಶ್ವಾಸಕೋಶದಿಂದ ನೇರ ರಕ್ತಕ್ಕೆ ಹೋಗುತ್ತದೆ, ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಸಾಕು ಅನ್ನಿಸಿದರೆ ನಿಲ್ಲಿಸಬಹುದು. ಹೊಟ್ಟೆಗೆ ಹೋದದ್ದು ಹಾಗಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆ ತನಕ ಸದ್ದೇ ಇರುವುದಿಲ್ಲ. ಅಷ್ಟರಲ್ಲಿ ನಶೆ ತರುವ ಟಿಎಚ್‌ಸಿಯನ್ನು ಯಕೃತ್ತು 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ಅದೂ ಜೋರಾದದ್ದೇ, ಮಿದುಳಿಗೆ ಸುಲಭವಾಗಿ ಮುಟ್ಟುತ್ತದೆ. ಟಿಎಚ್‌ಸಿ ನೀರಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಅಂದರೆ ನಾನು ಹಗುರ ಅಂದುಕೊಂಡ ಆ ಕೆನೆಹಾಲು, ಬಾದಾಮಿಯೇ ಅದನ್ನು ಒಳಗೆ ಹೊತ್ತೊಯ್ದದ್ದು. ಮೊದಲ ಗ್ಲಾಸ್ ಇನ್ನೂ ದಾರಿಯಲ್ಲಿತ್ತು. ನಾನು ಅದರ ಬೆನ್ನಿಗೇ ಎರಡನೆಯದನ್ನು ಕಳಿಸಿದ್ದೆ. ಎರಡೂ ಒಟ್ಟಿಗೆ ಬಂದು ಮುಟ್ಟಿದವು.

ಮೊದಲು ಹಲಗೆಯ ಸದ್ದು ಉದ್ದವಾಯಿತು. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಬಹಳ ಹೊತ್ತು ಹೋದ ಹಾಗೆ. ಬಾಯಿ ಒಣಗಿತು. ಎದೆ ಹೊಡೆದುಕೊಳ್ಳುವುದು ಕಿವಿಗೇ ಕೇಳುತ್ತಿತ್ತು. ಆಮೇಲೆ, ನಾನು ಈಗ ಸಾಯುತ್ತೇನೆ ಅನ್ನುವ ಒಂದೇ ಯೋಚನೆ. ಮರುದಿನ ಮಧ್ಯಾಹ್ನದವರೆಗೂ ನೆಟ್ಟಗೆ ನಡೆಯಲು ಆಗಲಿಲ್ಲ. ಮುಂದಿನ ವಾರದ ಪರೀಕ್ಷೆಗೆ ಕೂತೆ, ಆದರೆ ಎದೆ ಸ್ವಲ್ಪ ಜೋರಾಗಿ ಬಡಿದರೂ ಆ ಮಾಳಿಗೆ ನೆನಪಾಗಿ ಬೆವರುತ್ತಿದ್ದೆ. ಆ ಭಯ ಹೋಗಲು ತಿಂಗಳುಗಳೇ ಬೇಕಾದವು. ಆ ಪರೀಕ್ಷೆಯಲ್ಲಿ ಒಂದು ವಿಷಯ ಪಾಸಾಗದೆ ಉಳಿಯಿತು.

ಈಗ ತಳಿಯ ಮಾತು. 2019ರಲ್ಲಿ ಕೆಲಸಕ್ಕೆಂದು ಟೊರಾಂಟೊಗೆ ಹೋದೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಅಂಗಡಿಯಲ್ಲಿ ಮೂಸಿ ನೋಡಲು ಪುಟ್ಟ ಡಬ್ಬಿಗಳು. ಒಂದು ನಿಂಬೆ ಸಿಪ್ಪೆಯ ಹಾಗೆ, ಒಂದು ಕಾಳುಮೆಣಸಿನ ಹಾಗೆ, ಇನ್ನೊಂದು ಹಣ್ಣಾದ ಮಾವಿನ ಹಾಗೆ. ವಾಸನೆ, ರುಚಿ ನಿಜಕ್ಕೂ ಬೇರೆ ಬೇರೆ, ಅದರಲ್ಲಿ ಅನುಮಾನವಿಲ್ಲ. ಟರ್ಪೀನ್ ಎಂಬ ಸುವಾಸನೆಯ ಎಣ್ಣೆಗಳಿಂದ ಅದು ಬರುತ್ತದೆ. ನಿಂಬೆಯಲ್ಲಿರುವ ಲಿಮೊನೀನ್, ಕಾಳುಮೆಣಸಿನಲ್ಲಿರುವ ಕ್ಯಾರಿಯೊಫಿಲೀನ್, ಮಾವಿನಲ್ಲಿರುವ ಮಿರ್ಸೀನ್ ಈ ಗಿಡದಲ್ಲೂ ಇವೆ. ಆದರೆ ಇವು ನಶೆಯ ಅಳತೆಗೋಲಲ್ಲ.

ಅಲ್ಲಿ ತಳಿಗಳನ್ನು ಸಟೈವಾ, ಇಂಡಿಕಾ ಎಂದು ಎರಡು ಗುಂಪು ಮಾಡುತ್ತಾರೆ. ಅಂಗಡಿಯವನು ಸಟೈವಾ ಅಂದರೆ ಉಲ್ಲಾಸ, ಇಂಡಿಕಾ ಅಂದರೆ ನಿದ್ದೆ ಅಂದ. ಸಟೈವಾ ಎಂದು ಬರೆದಿದ್ದ ನಿಂಬೆ ವಾಸನೆಯದನ್ನು ಒಂದೇ ಎಳೆತ ಎಳೆದೆ. ಎಂಟು ಗಂಟೆಗೇ ನಿದ್ದೆ ಬಂತು. ಆ ಹೆಸರುಗಳು ಹುಟ್ಟಿದ್ದೇ ಬೇರೆ ಕಾರಣಕ್ಕೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಗಿಡವನ್ನು ಸಟೈವಾ ಎಂದ. 1785ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಲಾಮಾರ್ಕ್ ಭಾರತದ ಗಿಡಗಳನ್ನು ನೋಡಿ ಇಂಡಿಕಾ ಎಂದ. ಅವರು ಗಿಡ ವಿಂಗಡಿಸಿದ್ದು, ನಶೆಯನ್ನಲ್ಲ. ಇಂದು ಡಬ್ಬಿಯ ಮೇಲೆ ಬರೆಯುವ ಹೆಸರಿಗೂ ಗಿಡದ ವಂಶಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ಹಾಗಾಗಿ ಹಗುರ ತಳಿ ಯಾವುದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಟಿಎಚ್‌ಸಿ, ಸೇದಿದ್ದಾ ತಿಂದದ್ದಾ, ಮೈ ಮನಸ್ಸು ಹೇಗಿದೆ, ಜೊತೆಗೆ ಯಾರಿದ್ದಾರೆ, ಇವೇ ಮುಖ್ಯ. ಕೆನಡಾದಲ್ಲಿ ತಿನ್ನುವ ಪದಾರ್ಥದ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಜಾಸ್ತಿ ಟಿಎಚ್‌ಸಿ ಇರುವಂತಿಲ್ಲ, ಅದನ್ನು ಮೇಲೆಯೇ ಬರೆದಿರುತ್ತಾರೆ. ಧಾರವಾಡದಲ್ಲಿ ಕಾಗದದ ಪುಡಿಕೆಯಲ್ಲಿ ಸಿಕ್ಕಿದ್ದರ ಮೇಲೆ ಯಾರು ಬರೆದಿರುತ್ತಾರೆ? ಮಾರುವವನು ಹೇಳಿದ್ದೇ ತಳಿ, ಅಲ್ವಾ? ಮೇಲಾಗಿ 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತುಗಳ ಕಾಯ್ದೆಯಡಿ ಗಿಡದ ಹೂತೆನೆ, ಅಂದರೆ ಗಾಂಜಾ, ಇಟ್ಟುಕೊಂಡರೇ ಅಪರಾಧ. ಬರೀ ಸೊಪ್ಪು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಅದಕ್ಕೆ ಆಯಾ ರಾಜ್ಯದ ನಿಯಮ ಬೇರೆ. ನನ್ನನ್ನು ಕೇಳಿದರೆ ಓದು ಮುಗಿಯುವವರೆಗೆ ಎರಡನ್ನೂ ಮುಟ್ಟಬೇಡಿ. ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರೆ ಯಾವತ್ತಿಗೂ ಬೇಡ.

ಹಬ್ಬದಲ್ಲಿ ಗೆಳೆಯರ್‍ಯಾರಾದರೂ ಜಾಸ್ತಿ ಕುಡಿದರೆ ಮಾತ್ರ ಇದು ನೆನಪಿರಲಿ. ಒಬ್ಬನೇ ಬಿಡಬೇಡಿ. ಗಾಡಿ ಕೊಡಬೇಡಿ. ಮೇಲೆ ಮದ್ಯ ಕುಡಿಸಬೇಡಿ. ಎಚ್ಚರ ತಪ್ಪಿದರೆ, ಎದೆ ನೋವು ಅಂದರೆ, 108ಕ್ಕೆ ಫೋನ್ ಮಾಡಿ. ಅಲ್ಲಿ ಸುಳ್ಳು ಹೇಳಬೇಡಿ. ನನ್ನನ್ನು ಆಸ್ಪತ್ರೆಗೆ ಒಯ್ದ ಗೆಳೆಯರು ಹೆದರಿ ‘ಬಿಸಲು ಬಡದೈತ್ರಿ’ ಅಂದಿದ್ದರು. ಅರ್ಧ ಗಂಟೆ ವೈದ್ಯರು ಬೇರೆಯದೇ ಕಾರಣ ಹುಡುಕಿದರು. ಕೊನೆಗೆ ಗೆಳೆಯನ ಕಾಕಾ ಬಂದು, ಮೈಮೇಲಿನ ಬಣ್ಣವನ್ನೂ ಒರೆಸಿಕೊಳ್ಳದೆ, ‘ಭಂಗ್ ಕುಡದಾನ್ರಿ ಡಾಕ್ಟ್ರ, ಎರಡು ಗ್ಲಾಸ್, ಬರೇ ಹೊಟ್ಟ್ಯಾಗ’ ಅಂದರು.